ನಾಯಕಿ ಕರ್ತೃವೋ, ಕರ್ಮವೋ?

ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಓದುಗರೊಬ್ಬರು ಸಾಗರದಿಂದ ಬರೆದಿದ್ದಾರೆ: ‘ಪ್ರೇಮ ಬೆರೆತ, ರಕ್ತಪಾತ ಕಣ್ಣಿಗೆ ರಾಚದ ಪತ್ತೇದಾರಿ ಕಾದಂಬರಿಗಳನ್ನು, ಇಂಗ್ಲಿಷಿನವರು ಕೋಜಿ ಎನ್ನುವಂಥವನ್ನು, ನಾನೂ ಮಗಳೂ ಪೈಪೋಟಿಯ ಮೇಲೆ ಓದುತ್ತೇವೆ. ಕೊನೆಯಲ್ಲಿ ನಾಯಕಿ ಯಾರಿಗೂ ಹೇಳದೆ ಕತ್ತಲ ಗೋದಾಮಿಗೆ ಒಬ್ಬಳೇ ಹೋಗುತ್ತಾಳೆ, ಪೊಲೀಸ್ ಪ್ರಿಯಕರ ಬಂದು ಬಿಡಿಸುತ್ತಾನೆ. ಮಗಳು ಇದನ್ನು ಧೈರ್ಯ ಎನ್ನುತ್ತಾಳೆ, ನನಗೆ ಸಿಟ್ಟು ಬರುತ್ತದೆ. ನೀವು ಮೆಚ್ಚಿದ ಇಂಗ್ಲಿಷ್ ಪತ್ತೇದಾರಿ ಲೇಖಕಿ ಡೊರೊತಿ ಸೇಯರ್ಸ್ ಅವರ ‘ಸ್ಟ್ರಾಂಗ್ ಪಾಯ್ಸನ್’ನಲ್ಲಂತೂ ನಾಯಕಿ ಜೈಲಿನಲ್ಲೇ ಕುಳಿತಿರುತ್ತಾಳೆ. ಇದನ್ನು ಹೇಗೆ ಹೊಗಳಿದಿರಿ?’

ಮಾನ್ಯರೇ,

ನಿಮ್ಮ ಸಿಟ್ಟು ನ್ಯಾಯವಾದದ್ದು. ಗೋದಾಮಿಗೆ ಹೋಗುವ ಆ ಹುಡುಗಿ ತಾನಾಗಿ ಹೋದಂತೆ ಕಂಡರೂ ಅವಳನ್ನು ಅಲ್ಲಿಗೆ ಕಳಿಸಿದ್ದು ಲೇಖಕರ ಅಗತ್ಯ. ಅಪಾಯ ಬೇಕು, ಬಿಡಿಸಲು ಅವನು ಬೇಕು, ಆದ್ದರಿಂದ ಇನ್ನೂರು ಪುಟ ಜಾಣೆಯಾಗಿದ್ದವಳು ಆ ಒಂದು ಸಂಜೆ ಮೊಬೈಲನ್ನು ಮನೆಯಲ್ಲೇ ಬಿಟ್ಟು ಹೋಗಬೇಕು. ನೀವು ಮಕ್ಕಳಿಗೆ ಕಲಿಸಿದ ವ್ಯಾಕರಣದಲ್ಲಿಯೇ ಹೇಳುವುದಾದರೆ, ವಾಕ್ಯ ಕರ್ತರಿ ಪ್ರಯೋಗದಲ್ಲಿದೆ, ಆದರೆ ಕರ್ತೃವಿನ ಜಾಗದಲ್ಲಿ ಅವಳಿಲ್ಲ.

ಹಾಗೆ ನೋಡಿದರೆ ಜೈಲಿನಲ್ಲಿ ಕುಳಿತ ಹ್ಯಾರಿಯಟ್ ವೇನ್ ಇನ್ನೂ ಅಸಹಾಯಕಳು. 1930ರ ಆ ಕಾದಂಬರಿಯಲ್ಲಿ ಹಳೆಯ ಪ್ರಿಯಕರನಿಗೆ ಆರ್ಸೆನಿಕ್ ವಿಷ ಹಾಕಿ ಕೊಂದ ಆರೋಪ ಅವಳ ಮೇಲಿದೆ, ನೇಣು ಕಾದಿದೆ. ಆದರೆ ಆ ಪ್ರಿಯಕರನನ್ನು ಅವಳು ಬಿಟ್ಟುಬಂದ ಕಾರಣವನ್ನು ದಯವಿಟ್ಟು ಮತ್ತೊಮ್ಮೆ ಓದಿ. ಮದುವೆಯಲ್ಲಿ ನಂಬಿಕೆಯಿಲ್ಲವೆಂದು ಹೇಳಿ ಅವನು ಅವಳನ್ನು ಮದುವೆಯಿಲ್ಲದ ಬಾಳಿಗೆ ಒಪ್ಪಿಸಿದ್ದ. ಕೊನೆಗೆ, ನಿನ್ನ ನಿಷ್ಠೆಯ ಪರೀಕ್ಷೆ ಮುಗಿಯಿತು, ಈಗ ಮದುವೆಯಾಗೋಣ ಎಂಬ ಧಾಟಿಯಲ್ಲಿ ಬಂದ. ಮದುವೆಯನ್ನು ಬಹುಮಾನವಾಗಿ ಕೊಡಲು ಬಂದವನನ್ನು ಅವಳು ಅಂದೇ ತೊರೆದಳು. ಕಾದಂಬರಿ ಶುರುವಾಗುವ ಮೊದಲೇ ಅವಳು ತೆಗೆದುಕೊಂಡ ನಿರ್ಧಾರ ಅದು, ನ್ಯಾಯಾಲಯದಲ್ಲಿ ಅವಳ ವಿರುದ್ಧವೇ ನಿಂತದ್ದೂ ಅದೇ.

ಇನ್ನು ಅವಳ ಪರವಾಗಿ ಓಡಾಡಿದವರನ್ನು ನೋಡಿ. ಪತ್ತೇದಾರ ಪೀಟರ್ ವಿಮ್ಸಿ ಒಬ್ಬನೇ ಆಗಿದ್ದರೆ ಅವಳು ಉಳಿಯುತ್ತಿರಲಿಲ್ಲ. ಒಮ್ಮತದ ತೀರ್ಪು ಕೊಡಬೇಕಿದ್ದ ನಾಗರಿಕರ ಮಂಡಳಿ, ಜ್ಯೂರಿಯಲ್ಲಿದ್ದ ಮಿಸ್ ಕ್ಲಿಂಪ್ಸನ್ ಎಂಬ ಅವಿವಾಹಿತ ಹಿರಿಯ ಮಹಿಳೆ ‘ಅಪರಾಧಿ’ ಎನ್ನಲು ಒಪ್ಪದೆ ಪಟ್ಟು ಹಿಡಿದದ್ದರಿಂದಲೇ ಮರುವಿಚಾರಣೆ ಸಾಧ್ಯವಾಯಿತು. ಆಮೇಲೆ ಕೊಲೆಯ ಉದ್ದೇಶ ಬಯಲು ಮಾಡುವ ಉಯಿಲು ಹುಡುಕಲು ಸತ್ತವರ ಆತ್ಮದೊಡನೆ ಮಾತಾಡುವ ನಾಟಕ ಹೂಡಿದವರೂ ಅವರೇ. ವಿಮ್ಸಿ ಕಳಿಸಿದ ಮಿಸ್ ಮರ್ಚಿಸನ್ ಟೈಪಿಸ್ಟ್ ಆಗಿ ಸಂಶಯಕ್ಕೊಳಗಾದ ವಕೀಲರ ಕಚೇರಿ ಹೊಕ್ಕು, ಬೀಗ ತೆರೆಯುವ ವಿದ್ಯೆಯನ್ನೂ ಕಲಿತಳು. ಹುಡುಕಾಟದ ನಿಜವಾದ ಕೆಲಸ ಇವರದು. ಇಂಥ ಹೆಂಗಸರನ್ನು ಹಾಸ್ಯಕ್ಕೆಂದು ಮೂಲೆಯಲ್ಲಿ ಕೂರಿಸುವ ಕಾಲದಲ್ಲಿ ಸೇಯರ್ಸ್ ಈ ಹೆಂಗಸರ ಕೈಗೇ ಕಥೆಯ ಕೀಲಿ ಕೊಟ್ಟರು.

ಈಗ ಪ್ರೇಮದ ವಿಷಯ. ವಿಮ್ಸಿ ಜೈಲಿನ ಮೊದಲ ಭೇಟಿಯಲ್ಲೇ ಮದುವೆಯ ಪ್ರಸ್ತಾಪ ಮಾಡುತ್ತಾನೆ. ಬೇರೆ ಕಥೆಯಾಗಿದ್ದರೆ ಬಿಡುಗಡೆಯ ದಿನವೇ ಹಾರ ಬದಲಾಗುತ್ತಿತ್ತು. ಇಬ್ಬರಿಗೂ ಮದುವೆ ಮಾಡಿಸಿ ವಿಮ್ಸಿಯನ್ನು ಬೀಳ್ಕೊಡಬೇಕೆಂದೇ ಸೇಯರ್ಸ್ ಮೊದಲು ಯೋಚಿಸಿದ್ದರು. ಆದರೆ ಹ್ಯಾರಿಯಟ್ ತನ್ನ ಮರ್ಯಾದೆ ಉಳಿಸಿಕೊಂಡು ‘ಹೂಂ’ ಎನ್ನಬಹುದಾದ ಮಾತು ತಮಗೆ ಸಿಗಲಿಲ್ಲವೆಂದು ಅವರೇ ನಂತರ ಬರೆದರು. ಪ್ರಾಣ ಉಳಿಸಿದವನಿಗೆ ಹೆಣ್ಣು ಕೊಡುವ ಒಪ್ಪಿಗೆಯಲ್ಲಿ ಋಣವೆಷ್ಟು, ಪ್ರೀತಿಯೆಷ್ಟು ಎಂದು ಯಾರು ಅಳೆದಾರು? ಗೋದಾಮಿನ ಕಥೆಗಳು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ನನ್ನ ಮುಖ್ಯ ತಕರಾರು ಇದೇ.

ಸೇಯರ್ಸ್ ಆ ‘ಹೂಂ’ಗಾಗಿ ಐದು ವರ್ಷ ಕಾದರು. 1932ರ ‘ಹ್ಯಾವ್ ಹಿಸ್ ಕಾರ್ಕಸ್’ನಲ್ಲಿ ಕಡಲತೀರದ ಬಂಡೆಯ ಮೇಲೆ ಹೆಣ ಕಂಡ ಹ್ಯಾರಿಯಟ್, ಭರತ ಏರುವ ಮೊದಲೇ ಫೋಟೊ ತೆಗೆದು, ಸಾಕ್ಷ್ಯ ಎತ್ತಿಕೊಂಡು, ಫೋನ್ ಹುಡುಕುತ್ತಾ ಮೈಲಿಗಟ್ಟಲೆ ನಡೆಯುತ್ತಾಳೆ. 1935ರ ‘ಗಾಡಿ ನೈಟ್’ನಲ್ಲಿ ಆಕ್ಸ್‌ಫರ್ಡಿನ ಕಲ್ಪಿತ ಮಹಿಳಾ ಕಾಲೇಜೊಂದಕ್ಕೆ ಹೊಲಸು ಅನಾಮಧೇಯ ಪತ್ರಗಳು ಬರುತ್ತವೆ, ತನಿಖೆಗೆ ಕಾಲೇಜಿನವರು ಕರೆಸುವುದು ಅವಳನ್ನೇ. ಜೀವಕ್ಕೆ ಅಪಾಯವಿದೆಯೆಂದು ತಿಳಿದ ವಿಮ್ಸಿ ‘ನೀನು ದೂರವಿರು’ ಎನ್ನುವುದಿಲ್ಲ. ಕತ್ತು ಹಿಸುಕಲು ಬಂದವರಿಂದ ಬಿಡಿಸಿಕೊಳ್ಳುವುದನ್ನು ಕಲಿಸುತ್ತಾನೆ, ಕುತ್ತಿಗೆಯ ರಕ್ಷಣೆಗೆ ನಾಯಿಗೆ ಹಾಕುವ ದಪ್ಪ ಚರ್ಮದ ಪಟ್ಟಿ ಕೊಡಿಸುತ್ತಾನೆ. ಮುಂದೆ ಕತ್ತಲಲ್ಲಿ ಏಟು ಬಿದ್ದಾಗ ಅವನು ಅಲ್ಲಿಲ್ಲ, ಆ ಪಟ್ಟಿ ಇದೆ. ಅದೂ ಕತ್ತಲೆಯೇ, ಅದೂ ಒಂಟಿ ಹೆಣ್ಣೇ. ಆದರೆ ಅವಳು ತಿಳಿದು, ಸಿದ್ಧಳಾಗಿ ಅಲ್ಲಿದ್ದಾಳೆ. ನಿಮ್ಮ ಮಗಳು ಹುಡುಕುತ್ತಿರುವ ಧೈರ್ಯ ಇಲ್ಲಿದೆ ಎಂದು ನನಗನ್ನಿಸುತ್ತದೆ.

ಒಂದು ಕೊರತೆಯನ್ನು ಮುಚ್ಚಿಡಲಾರೆ. ‘ಗಾಡಿ ನೈಟ್’ನಲ್ಲಿ ದಾಖಲೆಗಳನ್ನೆಲ್ಲ ಜೋಡಿಸಿದ್ದು ಹ್ಯಾರಿಯಟ್, ಅಪರಾಧಿಯನ್ನು ಅಧ್ಯಾಪಕಿಯರ ಮುಂದೆ ಹೆಸರಿಸುವುದು ವಿಮ್ಸಿ. ಪ್ರತಿ ಸಲ ಓದುವಾಗಲೂ ಅಲ್ಲಿ ಅವಳು ಎದ್ದು ನಿಲ್ಲಬಾರದಿತ್ತೇ ಎನ್ನಿಸಿ ನೋವಾಗುತ್ತದೆ. ಆದರೂ ಕೊನೆಯ ಪ್ರಸ್ತಾಪವನ್ನು ಅವನು ಲ್ಯಾಟಿನಿನಲ್ಲಿ, ವಿದ್ಯಾವಂತೆಯೊಬ್ಬಳನ್ನು ಸಂಬೋಧಿಸುವಂತೆ ‘ಮಜಿಸ್ಟ್ರಾ’ ಎಂದು ಕರೆದು, ಒಪ್ಪಿಗೆಯೇ ಎಂದು ಕೇಳುತ್ತಾನೆ. ಆಕ್ಸ್‌ಫರ್ಡ್ ಹೆಣ್ಣುಮಕ್ಕಳಿಗೆ ಪದವಿ ಕೊಡಲು ಶುರುಮಾಡಿದ್ದು 1920ರಲ್ಲಿ, ಹಾಗೆ ಪದವಿ ಪಡೆದ ಮೊದಲಿಗರಲ್ಲಿ ಸೇಯರ್ಸ್ ಕೂಡ ಒಬ್ಬರು. ಆ ಒಂದು ಪದದ ತೂಕ ನಿಮ್ಮಂಥ ಶಿಕ್ಷಕಿಗೆ ನಾನು ವಿವರಿಸಬೇಕಿಲ್ಲ.

ಇಷ್ಟು ದೀರ್ಘ ಕಾಯುವಿಕೆ ಮಗಳಿಗೆ ಬೇಸರವಾದರೆ, ಅಗಾಥಾ ಕ್ರಿಸ್ಟಿಯವರ 1941ರ ‘ಎನ್ ಆರ್ ಎಮ್?’ ಕೊಡಿ. ಗುಪ್ತ ಕೆಲಸಕ್ಕೆ ಗಂಡನನ್ನು ಮಾತ್ರ ಕರೆಯಲು ಸರ್ಕಾರದವರು ಮನೆಗೆ ಬರುತ್ತಾರೆ. ಹೆಂಡತಿ ಟಪ್ಪೆನ್ಸ್ ಸುಳ್ಳು ಫೋನ್ ಕರೆಯ ನೆಪದಲ್ಲಿ ಹೊರಹೋದಂತೆ ಮಾಡಿ, ಎಲ್ಲವನ್ನೂ ಕದ್ದು ಕೇಳುತ್ತಾಳೆ. ಗಂಡ ಆ ಕೆಲಸಕ್ಕಾಗಿ ಹೋಗಬೇಕಿದ್ದ ವಸತಿಗೃಹ ತಲುಪಿದಾಗ ಅವಳು ಬೇರೆ ಹೆಸರಿಟ್ಟುಕೊಂಡು ಅಲ್ಲಿ ಉಣ್ಣೆ ಹೆಣೆಯುತ್ತಾ ಕುಳಿತಿರುತ್ತಾಳೆ.

— ಸಂಪಾದಕ