ಫಾರಂ ತುಂಬುವ ಹೊತ್ತಿಗೇ ನೆರವು ಕೊಡಿ

ನಿಮ್ಮ ಅಮೆರಿಕನ್ ಕಾಲೇಜಿಗೆ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳು ಸೇರುತ್ತಾರೆ, ಪದವಿ ಮುಗಿಸುವವರು ಕಡಿಮೆ, ಏನು ಮಾಡೋದು ಅಂತ ಕೇಳಿದ್ದೀರಿ. ಅಲ್ಲಿ 25% ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದ) ವಿದ್ಯಾರ್ಥಿಗಳಿದ್ದರೆ ಕಾಲೇಜು ಎಚ್‌ಎಸ್‌ಐ, ಅಂದರೆ ಹಿಸ್ಪಾನಿಕ್ ಮಕ್ಕಳಿಗೆ ಸೇವೆ ಕೊಡುವ ಸಂಸ್ಥೆ, ಅನ್ನಿಸಿಕೊಳ್ಳಬಹುದು, ಆದರೆ ಅದು ಬರೀ ಸೇರಿದವರ ಲೆಕ್ಕ. ನ್ಯೂಯಾರ್ಕ್ ಸಿಟಿ ಯೂನಿವರ್ಸಿಟಿ 2007ರಲ್ಲಿ ಶುರು ಮಾಡಿದ ಎಎಸ್‌ಎಪಿ, ಅಂದರೆ ಎರಡು ವರ್ಷದ ಪದವಿ ಮುಗಿಸಲು ನೆರವಾಗುವ ಯೋಜನೆ, ನೋಡಿ: ಓಡಾಟಕ್ಕೆ ಬಸ್-ಮೆಟ್ರೋ ಕಾರ್ಡು, ಪುಸ್ತಕದ ಖರ್ಚು, ಮತ್ತೆ ಮತ್ತೆ ಕರೆದು ಮಾತಾಡಿಸುವ ಸಲಹೆಗಾರರು. ಒಂದು ಅಧ್ಯಯನದಲ್ಲಿ ಈ ನೆರವು ಸಿಕ್ಕವರಲ್ಲಿ 40% ಜನ ಮೂರು ವರ್ಷದಲ್ಲಿ ಮುಗಿಸಿದರು, ಸಿಗದವರಲ್ಲಿ 22%.

ಇನ್ನೊಂದು ನಾನೇ ಕಂಡದ್ದು. ಹಣಕಾಸಿನ ನೆರವಿನ ಕೌಂಟರಿನಲ್ಲಿ ಒಬ್ಬ ಹುಡುಗಿ ಫಾರಂನ ಒಂದೊಂದು ಸಾಲನ್ನೂ ಅಮ್ಮನಿಗೆ ಸ್ಪ್ಯಾನಿಷ್‌ನಲ್ಲಿ ಹೇಳುತ್ತಾ ನಿಂತಿದ್ದಳು, ತನ್ನ ಪ್ರಶ್ನೆ ಕೇಳಲು ಅವಳಿಗೆ ಹೊತ್ತೇ ಸಿಗಲಿಲ್ಲ. ಸ್ಪ್ಯಾನಿಷ್ ಬಲ್ಲ ಒಬ್ಬರನ್ನು ಸಂಜೆ ಕೂರಿಸಿ. ಕೆಲಸ ಮುಗಿಸಿ ಬರುವ ಅಪ್ಪ-ಅಮ್ಮಂದಿರಿಗೆ ಬಿಡುವಾಗುವುದೇ ಆಗ, ಅಲ್ವಾ?