ಸ್ಪೇನ್‌ನ ಹಳ್ಳಿಗಾಡಿಗೆ ಹೋಗುವುದಾದರೆ ಎಕ್ಸ್‌ತ್ರೆಮದೂರಾ

ಪ್ರಶ್ನೆ: ಮುಂದಿನ ವರ್ಷ ನಾವು ನಾಲ್ವರು ಹತ್ತು ದಿನಗಳ ಮಟ್ಟಿಗೆ ಸ್ಪೇನ್‌ಗೆ ಹೋಗಬೇಕೆಂದಿದ್ದೇವೆ. ದೊಡ್ಡ ಊರುಗಳ ಜನಜಂಗುಳಿ ಬೇಡ. ಹಳ್ಳಿಗಳಲ್ಲಿ ಉಳಿದು, ಅಲ್ಲಿಯವರು ಉಣ್ಣುವುದನ್ನೇ ಉಣ್ಣುವ ಆಸೆ. ಆದರೆ ನಮ್ಮ ತಾಯಿಯವರು ಮಾಂಸ, ಮೀನು, ಮೊಟ್ಟೆ ಮುಟ್ಟುವುದಿಲ್ಲ. ಹಾಲು, ಬೆಣ್ಣೆ, ಚೀಸ್ ಆಗುತ್ತದೆ. ಎಲ್ಲಿಗೆ, ಯಾವ ತಿಂಗಳಲ್ಲಿ ಹೋಗುವುದು ಒಳ್ಳೆಯದು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಪೋರ್ಚುಗಲ್ ಗಡಿಗೆ ಅಂಟಿಕೊಂಡಿರುವ ಎಕ್ಸ್‌ತ್ರೆಮದೂರಾ ಪ್ರಾಂತಕ್ಕೆ ಹೋಗಿ ಎಂಬುದು ನನ್ನ ಸಲಹೆ. ಸಮುದ್ರ ತೀರವಿಲ್ಲದ ಕಾರಣಕ್ಕೆ ವಿದೇಶಿ ಪ್ರವಾಸಿಗರಲ್ಲಿ ಹೆಚ್ಚಿನವರು ಅತ್ತ ಸುಳಿಯುವುದಿಲ್ಲ. ಹತ್ತು ದಿನಗಳಲ್ಲಿ ಇಡೀ ಪ್ರಾಂತವನ್ನು ಸುತ್ತುವ ಆಸೆಯನ್ನು ಮಾತ್ರ ಬಿಡಬೇಕು. ಮ್ಯಾಡ್ರಿಡ್‌ನಿಂದ ಸುಮಾರು 240 ಕಿ.ಮೀ. ದೂರದ ಪ್ಲಾಸೆನ್ಸಿಯಾ ಪಟ್ಟಣದ ಪಕ್ಕದಲ್ಲಿ, ಬೆಟ್ಟಸಾಲೊಂದರ ಆಚೆ ಈಚೆ ಇರುವ ಹೆರ್ತೆ ಕಣಿವೆ ಮತ್ತು ಲಾ ವೇರಾ ಸೀಮೆಗಳಲ್ಲಿ ಒಂದು ವಾರ ನೆಲೆ ನಿಂತರೆ, ನೀವು ಕೇಳಿರುವುದೆಲ್ಲ ಅಲ್ಲೇ ಸಿಗುತ್ತದೆ.

ಹೆರ್ತೆ ಚೆರ್ರಿ ಹಣ್ಣಿನ ಕಣಿವೆ. ಅಲ್ಲಿನ ಹತ್ತು ಲಕ್ಷಕ್ಕೂ ಹೆಚ್ಚು ಮರಗಳು ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ಭಾಗದೊಳಗೆ, ಹವಾಮಾನಕ್ಕೆ ತಕ್ಕಂತೆ ಹೆಚ್ಚುಕಡಿಮೆ ಎರಡು ವಾರ, ಬಿಳಿ ಹೂ ಹೊದ್ದು ನಿಲ್ಲುತ್ತವೆ. ನೋಟ ಅಪೂರ್ವವಾದರೂ ಆ ವಾರಾಂತ್ಯಗಳಲ್ಲಿ ಸ್ಪೇನ್‌ನವರೇ ಕಾರುಗಳಲ್ಲಿ ತುಂಬಿ ಬರುತ್ತಾರೆ. ಜುಲೈ, ಆಗಸ್ಟ್‌ಗಳಲ್ಲಿ ಪ್ರಾಂತದ ಬಯಲು ಭಾಗದ ಬಿಸಿಲು 40 ಡಿಗ್ರಿ ದಾಟುವುದುಂಟು. ವಯಸ್ಸಾದವರೊಂದಿಗೆ ಹೋಗುವ ಕಾಲ ಅದಲ್ಲ. ಊಟವೇ ನಿಮಗೆ ಮುಖ್ಯವಾದ್ದರಿಂದ ಅಕ್ಟೋಬರ್ ತಿಂಗಳನ್ನೇ ಆರಿಸಿಕೊಳ್ಳಿ.

ಏಕೆಂದರೆ ಲಾ ವೇರಾದಲ್ಲಿ ಮೆಣಸಿನಕಾಯಿಗೆ ಹೊಗೆ ಹಾಕುವ ಕಾಲ ಅದು. ಅಮೆರಿಕ ಖಂಡದಿಂದ ಬಂದ ಮೆಣಸಿನ ಗಿಡ ಇಲ್ಲಿ ಬೇರೂರಿದ್ದು ಸನ್ಯಾಸಿಗಳ ಮಠಗಳ ತೋಟಗಳಿಂದ ಎಂಬುದು ಸ್ಥಳೀಯರ ನಂಬಿಕೆ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿಯುವ ಸೀಮೆಯಾದ್ದರಿಂದ ಹಣ್ಣನ್ನು ಬಿಸಿಲಿಗೆ ಹರವಿ ಒಣಗಿಸುವುದು ಸಾಧ್ಯವಾಗಲಿಲ್ಲ. ಕೆಳಗೆ ಓಕ್ ಸೌದೆಯ ಬೆಂಕಿ, ಮೇಲೆ ಸಂದುಬಿಟ್ಟ ಹಲಗೆಗಳ ಅಟ್ಟ, ಅದರ ಮೇಲೆ ಕೆಂಪು ಹಣ್ಣುಗಳ ರಾಶಿ — ಹೀಗೆ ಎರಡು ವಾರದಷ್ಟು ಕಾಲ, ದಿನವೂ ಕೈಯಿಂದ ಮಗುಚುತ್ತ ಒಣಗಿಸಿ, ಆಮೇಲೆ ಕಲ್ಲಿನಲ್ಲಿ ಬೀಸುತ್ತಾರೆ. ಒಲೆಯ ಮೇಲಿನ ಅಟ್ಟದ ಬಳಕೆಯನ್ನು ಕಂಡ ನಮ್ಮ ಮಲೆನಾಡಿನವರಿಗೆ ಇದರ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಿಮೆಂತೋನ್ ಎಂಬ ಈ ಪುಡಿಯ ಬಣ್ಣ ನಿಮ್ಮ ಕಡೆಯ ಬ್ಯಾಡಗಿ ಮೆಣಸಿನಕಾಯಿಯನ್ನು ನೆನಪಿಸೀತು. ಅದರ ಹೊಗೆಯ ಪರಿಮಳ ಮಾತ್ರ ಬೇರೆಯದೇ. ಸಿಹಿ, ನಡುಖಾರ, ಖಾರ ಎಂಬ ಮೂರು ಬಗೆಗಳಿವೆ.

ಇದೇ ಸೀಮೆಯ ಯುಸ್ತೆ ಮಠದಲ್ಲಿ, ಪಟ್ಟ ತ್ಯಜಿಸಿ ಬಂದ ಚಕ್ರವರ್ತಿ ಐದನೆಯ ಚಾರ್ಲ್ಸ್ 1557ರ ಫೆಬ್ರುವರಿಯಿಂದ 1558ರ ಸೆಪ್ಟೆಂಬರ್‌ನಲ್ಲಿ ಸಾಯುವವರೆಗೆ ವಾಸವಾಗಿದ್ದನು. ಅವನ ಬಿಡಾರ ಸಿದ್ಧವಾಗುವವರೆಗೆ ತಂಗಿದ್ದ ಹರಾಂದಿಯಾದ ಕೋಟೆ ಈಗ ಸರ್ಕಾರಿ ಒಡೆತನದ ಪರಾದೋರ್ ಹೋಟೆಲ್ ಆಗಿದೆ. ಒಂದು ರಾತ್ರಿ ಅಲ್ಲಿ ಉಳಿಯಬಹುದು. ಉಳಿದ ದಿನಗಳಿಗೆ ಅಡುಗೆಮನೆಯಿರುವ ‘ಕಾಸಾ ರೂರಾಲ್’, ಅಂದರೆ ಬಾಡಿಗೆಗೆ ಕೊಡುವ ಹಳ್ಳಿಮನೆ, ನಿಮ್ಮ ಕುಟುಂಬಕ್ಕೆ ಹೆಚ್ಚು ಅನುಕೂಲ.

ಈಗ ತಾಯಿಯವರ ಊಟದ ವಿಚಾರ. ಇಲ್ಲಿ ಎಚ್ಚರಿಕೆ ಅಗತ್ಯ, ಏಕೆಂದರೆ ಎಕ್ಸ್‌ತ್ರೆಮದೂರಾ ಓಕ್ ಕಾಯಿ ತಿಂದು ಬೆಳೆಯುವ ಹಂದಿಗಳ ನಾಡು, ಮತ್ತು ಅಲ್ಲಿನ ಅಡುಗೆಯಲ್ಲಿ ಹಂದಿಯ ಕೊಬ್ಬು ಕಣ್ಣಿಗೆ ಕಾಣದ ಕಡೆಯೂ ಇರುತ್ತದೆ. ಹಳೆಯ ಬ್ರೆಡ್ಡನ್ನು ಬೆಳ್ಳುಳ್ಳಿ, ಪಿಮೆಂತೋನ್ ಹಾಕಿ ಹುರಿಯುವ ಮಿಗಾಸ್‌ನಲ್ಲಿ ಅದಿರುತ್ತದೆ. ಕಡಲೆ, ಮಸೂರಗಳ ಸಾರಿನಂಥ ಅಡುಗೆಗಳಲ್ಲಿ ಸಾಸೇಜ್ ಬೆಂದಿರುತ್ತದೆ. ಪೆರುನಿಯಾಸ್ ಎಂಬ ಸಿಹಿ ಬಿಸ್ಕತ್ತನ್ನು ಕಲಸುವುದೇ ಆ ಕೊಬ್ಬಿನಿಂದ. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಹ್ಯಾಮ್ ಚೂರುಗಳು ಬರಬಹುದು. ಆದ್ದರಿಂದ ‘ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಪೆಸ್ಕಾದೋ, ಸಿನ್ ವೇವೋ, ಸಿನ್ ಮಾಂತೇಕಾ’ — ಮಾಂಸ, ಹ್ಯಾಮ್, ಮೀನು, ಮೊಟ್ಟೆ, ಹಂದಿಕೊಬ್ಬು ಬೇಡ — ಎಂದು ಬರೆದ ಚೀಟಿಯೊಂದನ್ನು ಜೊತೆಗಿಟ್ಟುಕೊಂಡು, ಆರ್ಡರ್ ಕೊಡುವ ಮೊದಲೇ ತೋರಿಸಿ.

ಇಷ್ಟಾದ ಮೇಲೆ ಅವರ ಪಾಲಿಗೆ ಉಳಿಯುವುದೇನೂ ಕಡಿಮೆಯಲ್ಲ. ಸುಟ್ಟ ಕೆಂಪು ದೊಣ್ಣೆಮೆಣಸು, ಟೊಮೆಟೊ, ಬೆಳ್ಳುಳ್ಳಿಗಳನ್ನು ಆಲಿವ್ ಎಣ್ಣೆಯಲ್ಲಿ ಕಲಸುವ ಸೊರೊಂಗೋಯೋ ಈ ಸೀಮೆಯದೇ ತಿನಿಸು; ಮೇಲೆ ಮೊಟ್ಟೆ ಇಡುವುದುಂಟು, ಬೇಡವೆಂದರಾಯಿತು. ಅವರಿಗಾಗಿ ನಾನು ವಿಶೇಷವಾಗಿ ಹೇಳಬಯಸುವುದು ತೋರ್ತಾ ದೆಲ್ ಕಸಾರ್ ಚೀಸ್ ಬಗ್ಗೆ. ಬಹಳಷ್ಟು ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹಾಲು ಒಡೆಯಲು ಕರುವಿನ ಅಥವಾ ಕುರಿಮರಿಯ ಹೊಟ್ಟೆಯ ರಸವನ್ನು ಬಳಸುತ್ತಾರೆ. ಕಾಸೆರೆಸ್ ನಗರದ ಸುತ್ತಲ ಹಳ್ಳಿಗಳ ಈ ಕುರಿಹಾಲಿನ ಚೀಸ್‌ಗೆ ಬಳಸುವುದು ಕಾಡುಮುಳ್ಳಿನ ಗಿಡವೊಂದರ ಹೂವಿನ ಕೇಸರಗಳನ್ನು. ಕನಿಷ್ಠ 60 ದಿನ ಮಾಗಿದ ಇದರ ಒಳಭಾಗ ಬೆಣ್ಣೆಯಂತೆ ಹರಿಯುತ್ತದೆ. ಮೇಲಿನ ಸಿಪ್ಪೆಯನ್ನು ಮುಚ್ಚಳದಂತೆ ಕತ್ತರಿಸಿ ತೆಗೆದು, ಬ್ರೆಡ್ಡಿಗೆ ಸವರಿ ತಿನ್ನುತ್ತಾರೆ. ಕೊಂಚ ಕಹಿ ಬೆರೆತ ರುಚಿ, ತೀಕ್ಷ್ಣ ವಾಸನೆ. ಮೊದಲು ಸ್ವಲ್ಪವೇ ಕೊಟ್ಟು ನೋಡಿ.

ಹಳ್ಳಿಗಳಿಗೆ ಬಸ್ಸು ವಿರಳ. ಪ್ಲಾಸೆನ್ಸಿಯಾವರೆಗೆ ರೈಲಿದ್ದರೂ ಮುಂದೆ ಕಾರು ಬೇಕೇ ಬೇಕು. ಹೊರಡುವ ಮುನ್ನ ಇಲ್ಲಿಯೇ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಮಧ್ಯಾಹ್ನದ ಊಟ ಎರಡಕ್ಕೆ ಮೊದಲು, ರಾತ್ರಿಯೂಟ ಒಂಬತ್ತಕ್ಕೆ ಮೊದಲು ಸಿಗುವುದು ಕಷ್ಟ. ಪ್ಲಾಸೆನ್ಸಿಯಾದ ಮುಖ್ಯ ಚೌಕದಲ್ಲಿ ಮಂಗಳವಾರದ ಸಂತೆಯಿದೆ. ಮನೆಯಡುಗೆಗೆ ತರಕಾರಿ, ಹಣ್ಣು ಅಲ್ಲಿಯೇ ಕೊಳ್ಳಬಹುದು. ಪಿಮೆಂತೋನ್ ತರುವುದಾದರೆ ಮುಚ್ಚಿದ ತಗಡಿನ ಡಬ್ಬಿಯದನ್ನೇ ತನ್ನಿ. ಮನೆಯಲ್ಲಿ ಬಳಸುವಾಗ ಒಲೆ ಆರಿಸಿದ ಮೇಲೆಯೇ ಎಣ್ಣೆಗೆ ಹಾಕಿ, ಏಕೆಂದರೆ ಕಾದ ಎಣ್ಣೆಯಲ್ಲಿ ಅದು ಕ್ಷಣಮಾತ್ರದಲ್ಲಿ ಸೀದು ಕಹಿಯಾಗುತ್ತದೆ.