ಮಗಳ ರೂಮ್‌ಮೇಟ್
(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮುಂಬೈ ಹತ್ತಿರದ ಡೊಂಬಿವಲಿಯಿಂದ ನನ್ನ ಬಳಿ ಸಲಹೆ ಕೇಳಲು ಬಂದಿದ್ದ ಅವರಿಗೆ 64 ವರ್ಷ. ಕುಂದಾಪುರದ ಕಡೆಯವರು. ಚಿಕ್ಕ ವಯಸ್ಸಿಗೇ ಮುಂಬೈಗೆ ಬಂದು, ಟೇಬಲ್ ಒರೆಸಿ, ಕೊನೆಗೆ ಸ್ವಂತ ಹೋಟೆಲ್ ಇಟ್ಟವರು. ಮೊದಲ ಹತ್ತು ನಿಮಿಷ ಬರೀ ಮಂಡಿನೋವಿನ ಮಾತು. ನಾನೂ ಅವಸರ ಮಾಡಲಿಲ್ಲ. ಆಮೇಲೆ, "ಮೇಡಂ, ಮಗಳ ರೂಮ್‌ಮೇಟ್ ಬರೀ ರೂಮ್‌ಮೇಟ್ ಅಲ್ಲವಂತೆ" ಅಂದರು.

ಮಗಳಿಗೆ 31. ಠಾಣೆ ನಗರದಲ್ಲಿ ಆರು ವರ್ಷದಿಂದ ಒಬ್ಬ ಮರಾಠಿ ಹುಡುಗಿ ಜೊತೆ ಇದ್ದಾಳೆ. ಹುಡುಗನ ಫೋಟೊ ತೋರಿಸಿದಾಗ ಹೇಳಿಬಿಟ್ಟಳಂತೆ. ಹೆಂಡತಿ ಮಾತು ಬಿಟ್ಟಿದ್ದಾರೆ. ನೆಂಟರೊಬ್ಬರು "ಇದಕ್ಕೆ ಡಾಕ್ಟರ್ ಇದ್ದಾರೆ" ಅಂದರಂತೆ. ಇವರು ಬಂದದ್ದು ಆ ಡಾಕ್ಟರ್ ವಿಳಾಸ ಕೇಳೋಕೆ.

ಅಂಥ ವಿಳಾಸ ನಾನು ಕೊಡುವುದಿಲ್ಲ ಅಂದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಕಾಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. 'ಬದಲಾಯಿಸುತ್ತೇನೆ' ಅಂತ ಚಿಕಿತ್ಸೆ ಕೊಡುವುದು ವೃತ್ತಿಗೆ ವಿರುದ್ಧ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಪೊಲೀಸರ ಭಯವೂ ಅವರಿಗಿತ್ತು. ವಯಸ್ಕರು ಒಪ್ಪಿ ಇಟ್ಟುಕೊಂಡ ಸಲಿಂಗ ಸಂಬಂಧ ಅಪರಾಧವಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ 377ನೇ ಕಲಂ ಬಗ್ಗೆ ಕೊಟ್ಟ ತೀರ್ಪನ್ನು ವಿವರಿಸಿದೆ.

ಸುಮ್ಮನೆ ಕೂತರು. ಆಮೇಲೆ ಹಳೆಯದು ಹೊರಬಂತು. 1992ರಲ್ಲಿ ಅವರ ಹೋಟೆಲಿನ ಒಬ್ಬ ಹುಡುಗನ ಮೇಲೆ ಇಂಥದ್ದೇ ಮಾತು ಎದ್ದಿತ್ತು. "ಲೆಕ್ಕ ಚುಕ್ತಾ ಮಾಡಿ ಊರಿಗೆ ಕಳಿಸಿದೆ. ಒಳ್ಳೆ ಕೆಲಸಗಾರ." 2008ರಲ್ಲಿ ಮುಂಬೈಯಲ್ಲಿ ಸಲಿಂಗಿಗಳು ನಡೆಸಿದ ಪ್ರೈಡ್ ಮೆರವಣಿಗೆ ಟಿವಿಯಲ್ಲಿ ಬಂದಾಗ, ಥೂ ಅಂದು ಚಾನೆಲ್ ಬದಲಿಸಿದ್ದರು. "ಮಗಳು ಪಕ್ಕದಲ್ಲೇ ಕೂತಿದ್ದಳು, ಮೇಡಂ." ಅವಳಿಗೆ ಆಗ ಹದಿನಾಲ್ಕು. ನಾನು ಸಮಾಧಾನ ಹೇಳಲಿಲ್ಲ. ಅದನ್ನು ಹೇಳಬೇಕಾದವಳು ನಾನಲ್ಲ, ಅಲ್ವಾ?

ಮೊದಲೆಲ್ಲ ಇಂಥ ವಿಷಯಕ್ಕೆ ತಾಯಂದಿರೇ ಬರುತ್ತಿದ್ದರು, ಅದೂ ಕದ್ದುಮುಚ್ಚಿ. ಈಗ ಅಪ್ಪಂದಿರೂ ಬರುತ್ತಿದ್ದಾರೆ. ಇದು ನನ್ನ ಕುರ್ಚಿಯಿಂದ ಕಂಡದ್ದು, ಅಷ್ಟೇ.

ಸಲಹೆ ಜಾಸ್ತಿ ಇರಲಿಲ್ಲ. ಹುಡುಗ ಹುಡುಕುವುದನ್ನು ಇವತ್ತೇ ನಿಲ್ಲಿಸಿ, ಇನ್ನೊಂದು ಮನೆಯ ಹುಡುಗನ ಬದುಕೂ ಹಾಳಾಗುತ್ತದೆ. ಅವಳನ್ನು ಕೇಳದೆ ನೆಂಟರಿಗೆ, ಸಂಘದವರಿಗೆ ಹೇಳಬೇಡಿ. "ನಾನು ಸತ್ತ ಮೇಲೆ ಅವಳಿಗೆ ಯಾರು?" ಅನ್ನೋದು ಅವರ ನಿಜವಾದ ಚಿಂತೆ. ಇಂಥ ಮದುವೆಗೆ ಸುಪ್ರೀಂ ಕೋರ್ಟ್ 2023ರಲ್ಲಿ ಮಾನ್ಯತೆ ಕೊಡಲಿಲ್ಲ. ಹಾಗಾಗಿ ಕಾಗದಪತ್ರ ಗಟ್ಟಿ ಇರಬೇಕು. ಇಬ್ಬರೂ ವಿಲ್ ಬರೆಯಬಹುದು. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರ ಸರ್ಕಾರ 2024ರಲ್ಲಿ ಸ್ಪಷ್ಟಪಡಿಸಿದೆ. ಇದನ್ನು ಪೆನ್ನು ಇಸ್ಕೊಂಡು ಬರೆದುಕೊಂಡರು.

ಹೆಂಡತಿಯನ್ನು ಒತ್ತಾಯ ಮಾಡಿ ಕರೆತರಬೇಡಿ, ಅದಕ್ಕೂ ಮೊದಲು ನೀವೊಬ್ಬರೇ ಮಗಳ ಮನೆಗೆ ಹೋಗಿ ಒಂದು ಹೊತ್ತು ಊಟ ಮಾಡಿ ಬನ್ನಿ ಅಂದೆ.

"ಅಲ್ಲಿ ಏನು ಮಾತಾಡಲಿ?"

"ಮಂಡಿನೋವಿನ ಬಗ್ಗೆ ಮಾತಾಡಿ."

ನಕ್ಕರು. ಹೋಗಿಬಂದರಂತೆ, ಎರಡು ಸಲ. ಹೆಂಡತಿ ಇನ್ನೂ ಹೋಗಿಲ್ಲ.